ಮಗಳು ವೆಲ್ಶ್ ಕಲಿತಳು

ವೆಲ್ಶ್ ತರಗತಿಗೆ ಸೇರುತ್ತೇನೆಂದು ಮಗಳು ಹೇಳಿದಾಗ ನಾನು ದೋಸೆ ಹುಯ್ಯುತ್ತಿದ್ದೆ. ಮಲೇಷ್ಯಾದಲ್ಲಿ ನಾವಿದ್ದ ಮಾಂಟ್ ಕಿಯಾರಾದ ಅವಳ ಹೈಸ್ಕೂಲಿಗೆ ಹೊಸ ಮೇಷ್ಟ್ರೊಬ್ಬರು ಬಂದಿದ್ದರು. ಇಂಗ್ಲೆಂಡಿನ ಪಕ್ಕದ ವೇಲ್ಸ್ ಅವರ ನಾಡು. ಬುಧವಾರ ಸಂಜೆ, ಇಷ್ಟವಿದ್ದ ಮಕ್ಕಳಿಗೆ ತಮ್ಮ ಭಾಷೆ, ಹಾಡು, ಹಬ್ಬಗಳನ್ನು ಹೇಳಿಕೊಡುತ್ತಿದ್ದರು.

"ಕನ್ನಡದಲ್ಲಿ ಕೇಳಿದ್ರೆ ಕನ್ನಡದಲ್ಲಿ ಉತ್ತರ ಕೊಡೋಕೆ ಬಾಯಿ ಬರಲ್ಲ. ಇದೊಂದು ಬೇಕಿತ್ತಾ ನಿಂಗೆ?" ಎಂದೆ.

"ಇಟ್ಸ್ ಫನ್ ಲಾ, ಅಮ್ಮಾ" ಎಂದಳು, ಇಲ್ಲಿನವರ ಹಾಗೆ 'ಲಾ' ಸೇರಿಸಿ.

ನನಗೆ ಮೈಯೆಲ್ಲ ಉರಿಯಿತು. "ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲಾ ಅಲೀತಾಳೆ, ನೋಡ್ರೀ ನಿಮ್ಮ ಮಗಳು!" ಎಂದು ಗಂಡನಿಗೆ ಕೂಗಿ ಹೇಳಿದೆ. ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಹೋಗ್ಲಿ ಬಿಡೇ" ಎಂದರು. ಅಷ್ಟರಲ್ಲಿ ದೋಸೆ ಸೀದುಹೋಗಿತ್ತು.

ಆಮೇಲೆ ಬುಧವಾರ ಬಂತೆಂದರೆ ಆ ಗಾದೆ ನನ್ನ ಬಾಯಿಂದ ಬೀಳಲೇಬೇಕು. ಅವಳು ಕನ್ನಡಿಯ ಮುಂದೆ ನಿಂತು ವೆಲ್ಶಿನ ಒಂದು ಅಕ್ಷರ ಸಾಧಿಸುತ್ತಿದ್ದಳು: ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ, ಪಕ್ಕದಿಂದ ಉಸಿರು ಬಿಡುವುದು. ವಿಷಲ್ ಕೂಗಲು ಹೊರಟ ಕುಕ್ಕರಿನ ಸದ್ದು! ನಗು ಬರುತ್ತಿತ್ತು, ಹೊಟ್ಟೆಯುರಿಯೂ ಆಗುತ್ತಿತ್ತು. ನಮ್ಮ 'ಳ' ಹೇಳು ಅಂದರೆ ನಾಚಿಕೊಳ್ಳುವ ಹುಡುಗಿ ಯಾರದೋ ಅಕ್ಷರಕ್ಕೆ ಇಷ್ಟು ಒದ್ದಾಡುತ್ತಾಳಲ್ಲ!

ನಿಜ ಹೇಳಬೇಕೆಂದರೆ ನನಗಿದ್ದದ್ದು ಭಯ. ನನ್ನ ಸಿಟ್ಟು, ತಮಾಷೆ, ಮುದ್ದು ಎಲ್ಲವೂ ಕನ್ನಡದಲ್ಲೇ ಇವೆ. ಇಂಗ್ಲಿಷಿನಲ್ಲಿ ನಾನು ಬರೀ ಮರ್ಯಾದಸ್ಥೆ. ಕನ್ನಡ ಇವಳಿಗೆ ಹತ್ತದೇ ಹೋದರೆ, ಅಡುಗೆ ಮಾಡಿ ಹಾಕುವ ಯಾರೋ ಆಂಟಿಯಾಗಿ ಉಳಿದುಬಿಡುತ್ತೇನೆ ಅನ್ನಿಸುತ್ತಿತ್ತು. ಇದನ್ನು ಅವಳಿಗೆ ಹೇಳಲಾರದೆ ಗಾದೆ ಹೇಳುತ್ತಿದ್ದೆ.

ಮಾರ್ಚಿನಲ್ಲಿ ಮೇಷ್ಟ್ರು ಶಾಲೆಯಲ್ಲೇ ಪುಟ್ಟ ಐಸ್ಟೆದ್‌ವೊಡ್ ಇಟ್ಟುಕೊಂಡರು. ಅದು ವೆಲ್ಶ್ ಜನರ ಹಾಡು, ಪದ್ಯಗಳ ಸ್ಪರ್ಧೆಯ ಹಬ್ಬವಂತೆ. ನಾನು ಮುಖ ಗಂಟಿಕ್ಕಿಕೊಂಡೇ ಹೋದೆ. ಅವರು ಪದ್ಧತಿಯನ್ನು ನಮಗೆಲ್ಲ ಬಿಡಿಸಿ ಹೇಳಿದರು. ಪದ್ಯ ಬರೆದವರು ನಿಜವಾದ ಹೆಸರು ಹಾಕುವಂತಿಲ್ಲ, ಕಾವ್ಯನಾಮ ಇಟ್ಟುಕೊಳ್ಳಬೇಕು. ಗೆದ್ದ ಕಾವ್ಯನಾಮ ಕೂಗಿದಾಗ ಆ ಒಬ್ಬರು ಮಾತ್ರ ಎದ್ದು ನಿಲ್ಲಬೇಕು. ಬಹುಮಾನ ಒಂದು ಕುರ್ಚಿ. ಅದರ ಹಿಂದೆ ಕತ್ತಿ ಹಿಡಿದು "ಶಾಂತಿ ಇದೆಯೇ?" ಎಂದು ಮೂರು ಸಲ ಕೇಳುತ್ತಾರೆ, ಸಭೆ "ಹೆದುಖ್", ಅಂದರೆ ಶಾಂತಿ, ಎಂದು ಉತ್ತರಿಸಬೇಕು. ಇಲ್ಲಿ ಕತ್ತಿ ರಟ್ಟಿನದು. ಕುರ್ಚಿ ಇಲ್ಲಿನ ಬೀದಿಬದಿಯ ಮಾಮಕ್ ಹೋಟೆಲಿನ ಥರದ ಕೆಂಪು ಪ್ಲಾಸ್ಟಿಕ್ಕಿನದು, ಸುತ್ತ ಹಳದಿ ಕಾಗದದ ಹೂಗಳು.

ಮೇಷ್ಟ್ರು ಚೀಟಿ ಬಿಡಿಸಿದರು. ಒಂದು ಕ್ಷಣ ತಡವರಿಸಿ, ಗಟ್ಟಿಯಾಗಿ ಕೂಗಿದರು:

"ಅಂಗೈ ಬೆಣ್ಣೆ!"

ಅಯ್ಯೋ ರಾಮ! ಅದು ನನ್ನ ಬೈಗುಳ. ಸಭೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ, ಎಲ್ಲರೂ ಅತ್ತಿತ್ತ ನೋಡುತ್ತಿದ್ದರು. ನನ್ನ ಪಕ್ಕದಲ್ಲಿದ್ದ ಮಗಳು ಎದ್ದು ನಿಂತಳು.

ಬುಧವಾರ ಬುಧವಾರ ನಾನು ಎಸೆದದ್ದನ್ನು ಹುಡುಗಿ ಒಂದೂ ಕೆಳಗೆ ಬೀಳಿಸದೆ ಹಿಡಿದಿಟ್ಟುಕೊಂಡಿದ್ದಳು. ತಮಾಷೆಯೂ ಅರ್ಥವಾಗಿತ್ತು, ಒಳಗಿನ ಸಂಕಟವೂ ಅರ್ಥವಾಗಿತ್ತು. ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಅವಳು ಬಗ್ಗಿ, ಸುತ್ತಲಿನವರಿಗೆ ತಿಳಿಯದಿರಲೆಂದು, ಕಿವಿಯಲ್ಲಿ ಪಿಸುಗುಟ್ಟಿದಳು:

"ಅಮ್ಮಾ, ಅಳ್ಬೇಡ್ವೇ. ಎಲ್ಲಾ ನೋಡ್ತಿದಾರೆ."

ಕನ್ನಡದಲ್ಲಿ! ಹೇಳಿ, ಸರಸರ ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಮೇಷ್ಟ್ರು ರಟ್ಟಿನ ಕತ್ತಿ ಎತ್ತಿ ಶಾಂತಿ ಇದೆಯೇ ಎಂದು ಕೇಳಿದರು. ಮೊದಲ ಸಲ ನಾನಿನ್ನೂ ಕಣ್ಣೊರೆಸಿಕೊಳ್ಳುತ್ತಿದ್ದೆ. ಎರಡನೆಯ ಸಲ ತುಟಿ ಅಲ್ಲಾಡಿತು. ಮೂರನೆಯ ಸಲ ನಾನು ಎಂಥಾ ದನಿಯಲ್ಲಿ "ಹೆದುಖ್" ಎಂದು ಕೂಗಿದೆನೆಂದರೆ, ಮುಂದಿನ ಸಾಲಿನವರೆಲ್ಲ ತಿರುಗಿ ನನ್ನನ್ನೇ ನೋಡಿದರು.