ನಾನು ಮುಟ್ಟಿದಾಗಲೇ ನಿಲ್ಲುತ್ತಿದ್ದ ಕಂಪ್ಯೂಟರ್

ಅದು ೧೯೮೯ರ ಜನವರಿ. ಮಧುಗಿರಿಯಲ್ಲಿದ್ದ ನಮ್ಮ ಸಂಘದ ಕಚೇರಿಗೆ ಕಂಪ್ಯೂಟರ್ ಬಂದು ಎರಡು ತಿಂಗಳಾಗಿತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಕಡಲೆಕಾಯಿ ಬೆಳೆಗಾರರ ಹೆಸರು, ಊರು, ಯಾರಿಗೆ ಎಷ್ಟು ಬಿತ್ತನೆ ಬೀಜ ಬೇಕು ಎಂಬುದನ್ನೆಲ್ಲ ಅದಕ್ಕೆ ತುಂಬಬೇಕಿತ್ತು. ಒಳಕೋಣೆಯಲ್ಲಿ ಮುಖ್ಯ ಯಂತ್ರ. ಅದರಿಂದ ತಂತಿ ಎಳೆದು ಹೊರಗಿನ ಹಾಲಿನಲ್ಲಿ ತಾಲ್ಲೂಕಿಗೊಂದರಂತೆ ನಾಲ್ಕು ಟರ್ಮಿನಲ್, ಅಂದರೆ ಬರೀ ಪರದೆ ಮತ್ತು ಕೀಬೋರ್ಡು. ಒಳಗಿನದು ನಿಂತರೆ ಹೊರಗಿನ ನಾಲ್ಕೂ ನಿಂತುಹೋಗುತ್ತಿದ್ದವು.

ಒಳಗಿನದನ್ನು ನೋಡಿಕೊಳ್ಳುವವಳು ನಾನು. ಟೈಪಿಸ್ಟ್ ಆಗಿ ಸೇರಿದ್ದ ನನ್ನನ್ನು ಮೂರು ವಾರದ ತರಬೇತಿಗೆ ಬೆಂಗಳೂರಿಗೆ ಕಳಿಸಿದ್ದರು. ನನ್ನ ಜಾಣತನ ನೋಡಿ ಕಳಿಸಿದ್ದೇನಲ್ಲ, ಹೋಗಲು ಬೇರೆ ಯಾರೂ ಒಪ್ಪಿರಲಿಲ್ಲ. ಆಪರೇಟಿಂಗ್ ಸಿಸ್ಟಮ್ ಎಂದರೇನು, ಯಾವ ಟರ್ಮಿನಲ್‌ನಲ್ಲಿ ಯಾರು ಕೂತಿದ್ದಾರೆಂದು ಒಳಗಿನಿಂದಲೇ ನೋಡುವುದು ಹೇಗೆ, ಸಿಕ್ಕಿಕೊಂಡ ಕೆಲಸವನ್ನು ಬಿಡಿಸುವುದು ಹೇಗೆ, ಎಲ್ಲವನ್ನೂ ಅಲ್ಲಿ ಕಲಿತೆ. ಕಲಿಸಿದ ಮೇಷ್ಟ್ರು ಕೊನೆಯ ದಿನ ಒಂದೇ ಮಾತು ಹೇಳಿದ್ದರು. "ಕೆಟ್ಟಾಗ ಗಾಬರಿಯಾಗಬೇಡಿ. ಆ ಹೊತ್ತಿಗೆ ಕೋಣೆಯಲ್ಲಿ ಏನೇನಿತ್ತು, ಎಲ್ಲ ಬರೆದಿಡಿ. ಒಂದನ್ನೂ ಬಿಡಬೇಡಿ." ಆ ಮಾತಿಗೆಂದೇ ಇನ್ನೂರು ಪುಟದ ನೋಟ್‌ಬುಕ್ ಕೊಂಡು, ರಟ್ಟು ಹಾಕಿ, ಹೆಮ್ಮೆಯಿಂದ ಊರಿಗೆ ಬಂದೆ.

ಕೋಣೆಗೆ ಏಸಿ ಹಾಕಿಸಿದ್ದರು. ಕಿಟಕಿಗೆ ಹಲಗೆ ಹೊಡೆದು, ನೆಲಕ್ಕೆ ಪ್ಲಾಸ್ಟಿಕ್ ಹಾಸು ಹಾಸಿದ್ದರು. ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ಜನವರಿಯ ಚಳಿಯ ಜೊತೆಗೆ ಏಸಿಯ ಚಳಿ ಸೇರಿ, ನೈಲಾನ್ ಸೀರೆ ಉಟ್ಟ ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಗಡಗಡ ನಡುಗುತ್ತಿದ್ದೆ. ಅದನ್ನು ನೋಡಿ ಮರುಗಿದವರು ನಮ್ಮ ಅಟೆಂಡರ್ ಬೀರಣ್ಣ. ಬುಕ್ಕಾಪಟ್ಟಣದ ಕಡೆಯವರು, ಕುರಿ ಸಾಕುವ ಮನೆತನ, ನಮ್ಮ ತಂದೆಯ ವಯಸ್ಸು. ಒಂದು ಸೋಮವಾರ ಊರಿನಿಂದ ಬರುವಾಗ ಅವರ ಹೆಂಡತಿಯೇ ನೂಲು ತೆಗೆದ ಕರಿ ಕಂಬಳಿಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ನನ್ನ ಕೈಗಿಟ್ಟರು.

"ಇದ್ನ ಒದ್ಕಂಡು ಕೂತ್ಕಳಿ ಕಣಮ್ಮ. ಆ ಮಿಶಿನ್‌ಗೆ ತಂಪು ಬೇಕಾದ್ರೆ ನಿಮ್ಗೂ ಬೇಕಾ?" ಎಂದರು.

ಕಂಬಳಿ ಬೆಚ್ಚಗೇನೋ ಇತ್ತು. ಆದರೆ ನನಗೆ ನಾಚಿಕೆ. ಬೆಂಗಳೂರಿನಲ್ಲಿ ತರಬೇತಿ ಪಡೆದು ಬಂದವಳು ಕುರಿ ಕಾಯುವವಳ ಹಾಗೆ ಕಂಬಳಿ ಹೊದ್ದು ಕೂತಿದ್ದಾಳೆ ಎಂದು ಹಾಲಿನವರು ನಗುವುದಿಲ್ಲವೇ? ಅದಕ್ಕೇ ಯಾರೂ ಇಲ್ಲದಾಗ ಮಾತ್ರ ಹೊದೆಯುತ್ತಿದ್ದೆ. ಬಾಗಿಲಾಚೆ ಹೆಜ್ಜೆ ಸದ್ದಾದರೆ ಸರಕ್ಕನೆ ಎಳೆದು ಕುರ್ಚಿಯ ಹಿಂದೆ ಹಾಕಿ, ಭಾರೀ ಕೆಲಸದಲ್ಲಿರುವವಳಂತೆ ಕೀಬೋರ್ಡಿನ ಮೇಲೆ ಕೈ ಇಡುತ್ತಿದ್ದೆ.

ಅದೇ ವಾರದಿಂದ ಯಂತ್ರ ನಿಲ್ಲತೊಡಗಿತು. ದಿನಕ್ಕೆ ಒಮ್ಮೆ, ಕೆಲವು ದಿನ ಮೂರು ಸಲ. ಪರದೆ ಇದ್ದ ಹಾಗೇ ಕಲ್ಲಾಗಿಬಿಡುತ್ತಿತ್ತು. ಹಾಲಿನಿಂದ ನಾಲ್ಕೂ ಜನ "ಮೇಡಂ, ಹೋಯ್ತು" ಎನ್ನುತ್ತಿದ್ದರು. ಅವರು ಅರ್ಧ ಗಂಟೆ ಕೂತು ತುಂಬಿದ ಹೆಸರುಗಳು ಅಳಿಸಿಹೋಗಿರುತ್ತಿದ್ದವು. ನಾನು ತಂತಿಗಳನ್ನು ಒಂದೊಂದಾಗಿ ಬಿಚ್ಚಿ ಹಾಕಿದೆ, ಡಿಸ್ಕಿನಲ್ಲಿ ಜಾಗ ಇದೆಯೇ ನೋಡಿದೆ, ಒಂದೊಂದೇ ಟರ್ಮಿನಲ್ ಆರಿಸಿ ನೋಡಿದೆ. ನೋಟ್‌ಬುಕ್ಕಿನಲ್ಲಿ ನಲವತ್ತು ಪುಟ ತುಂಬಿತು. ಕೆಲವೊಮ್ಮೆ ಬೆರಳಿಗೆ ಸೂಜಿ ಚುಚ್ಚಿದಂತಾಗುತ್ತದೆ ಎಂದೂ ಬರೆದಿದ್ದೆ. ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ಸರಿಯಾಗಿದೆ ಎಂದು ಹೇಳಿ ಹೋದ.

ಬೆಂಗಳೂರಿನಿಂದ ಇಂಜಿನಿಯರ್ ಎರಡು ಸಲ ಬಂದರು. ಅವರು ಬರುವ ದಿನ ಕಂಬಳಿ ಬೆಳಿಗ್ಗೆಯೇ ಬೀರು ಸೇರಿರುತ್ತಿತ್ತು. ಯಂತ್ರ ಮದುವೆಗೆ ಹೊರಟ ಹೆಣ್ಣಿನ ಹಾಗೆ ತಕರಾರಿಲ್ಲದೆ ನಡೆಯುತ್ತಿತ್ತು. ಅವರು ತುಮಕೂರು ಬಸ್ಸು ಹತ್ತಿದ ಹತ್ತು ನಿಮಿಷಕ್ಕೆ ಮ್ಯಾನೇಜರು ಬಾಗಿಲು ತೆರೆದರೆ, ಅವರ ಕಣ್ಣೆದುರೇ ನಾನು ಮುಟ್ಟುತ್ತಿದ್ದಂತೆ ನಿಂತುಹೋಗುತ್ತಿತ್ತು. ಎರಡು ಸಲವೂ ಹೀಗೇ ಆಯಿತು. ಕೈಗುಣ ಸರಿಯಿಲ್ಲ ಎಂಬ ಮಾತು ಹಾಲಿನಲ್ಲಿ ಹುಟ್ಟಿ, ನನ್ನ ಕಿವಿಗೂ ಬಿತ್ತು. ಆವತ್ತು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಸಿಟ್ಟೂ ಬಂತು. ಇಷ್ಟು ಕಲಿತದ್ದು ಕೈಗುಣಕ್ಕೆ ಸೋಲಬೇಕೇ ಎಂದು.

ಕೊನೆಗೆ ಮ್ಯಾನೇಜರು ಕರೆದು ಹೇಳಿದರು. ಶನಿವಾರ ಇಂಜಿನಿಯರ್ ಮತ್ತೆ ಬರುತ್ತಾರೆ. ಅಷ್ಟರಲ್ಲಿ ಕಾರಣ ಸಿಗದಿದ್ದರೆ ಕೋಣೆಯ ಬೀಗದ ಕೈ ಬೇರೆಯವರಿಗೆ ಕೊಟ್ಟು ನಾನು ಟಪಾಲು ವಿಭಾಗಕ್ಕೆ ಹೋಗಬೇಕು. ಕೆಟ್ಟದಾಗಿ ಹೇಳಲಿಲ್ಲ, ಬೇಸರದಿಂದಲೇ ಹೇಳಿದರು. ಅದೇ ನನಗೆ ಹೆಚ್ಚು ನೋವಾಗಿದ್ದು.

ಶುಕ್ರವಾರ ಮಧ್ಯಾಹ್ನ ಕರೆಂಟು ಹೋಯಿತು. ಯಂತ್ರಕ್ಕೆ ಬ್ಯಾಟರಿ ಇದ್ದುದರಿಂದ ಅದು ನಡೆಯುತ್ತಲೇ ಇತ್ತು. ಕಿಟಕಿ ಮುಚ್ಚಿದ ಕೋಣೆ, ಪರದೆಯ ಹಸಿರು ಅಕ್ಷರ ಬಿಟ್ಟರೆ ಪೂರ್ತಿ ಕತ್ತಲೆ. ಕಂಬಳಿ ಹೊದ್ದು ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಬಾಗಿಲು ಕಿರ್ ಎಂದಿತು. ಅಭ್ಯಾಸಬಲದಿಂದ ಕಂಬಳಿಯನ್ನು ಸರಕ್ಕನೆ ಎಳೆದೆ.

ಭುಜದಿಂದ ಸೊಂಟದವರೆಗೆ ಚಿಟಚಿಟ ಎಂದು ನೀಲಿ ಕಿಡಿಗಳು. ಬೆಚ್ಚಿ ಕೀಬೋರ್ಡಿಗೆ ಕೈ ಹಾಕಿದೆ. ಬೆರಳ ತುದಿಯಿಂದ ಇನ್ನೊಂದು ಕಿಡಿ ಅದಕ್ಕೆ ಹಾರಿತು. ಪರದೆ ಕಲ್ಲಾಯಿತು.

ಬಾಗಿಲಲ್ಲಿ ಮೋಂಬತ್ತಿ ಹಿಡಿದು ನಿಂತಿದ್ದವರು ಬೀರಣ್ಣ. ಅವರಿಗೆ ಏನೂ ಆಶ್ಚರ್ಯವಾಗಲಿಲ್ಲ. "ನಮ್ಮಟ್ಟೀಲಿ ಚಳಿಗಾಲ್ದಾಗೆ ಇಂಗೇಯ. ಕಂಬ್ಳಿ ಕೊಡವಿದ್ರೆ ಕಿಡಿ ಹಾರ್ತವೆ, ಐಕ್ಳು ಆಟ ಆಡ್ತವೆ" ಎಂದರು. ಆಮೇಲೆ ತಡೆದು, "ಅಲ್ಲಾ, ನಾನ್ ಬಂದಿದ್ದಕ್ಕೆ ನೀವ್ಯಾಕೆ ಅದ್ನ ಅಂಗೆ ಕಿತ್ತಾಕ್ಬುಟ್ರಿ?" ಎಂದು ಕೇಳಿದರು.

ನಾನು ನೋಟ್‌ಬುಕ್ ನೋಡಿದೆ. ನಲವತ್ತು ಪುಟಗಳಲ್ಲಿ ಎಲ್ಲವೂ ಇತ್ತು. ಕರೆಂಟು, ತಂತಿ, ಹವೆ, ಬಾಗಿಲು ತೆರೆದ ಹೊತ್ತು. ಕಂಬಳಿ ಒಂದು ಕಡೆಯೂ ಇರಲಿಲ್ಲ. ಬರೆಯಲು ನಾಚಿಕೆಯಾಗಿತ್ತು. ಅವರಿಗೆ ನಿಜವನ್ನೇ ಹೇಳಿಬಿಟ್ಟೆ. "ನಮ್ಮೆಂಗುಸ್ರಿಗೆ ಏಳ್ಬ್ಯಾಡಿ" ಎಂದಷ್ಟೇ ಹೇಳಿ, ಬೀರಣ್ಣ ಮೋಂಬತ್ತಿ ಮೇಜಿನ ಮೇಲಿಟ್ಟು, ನಕ್ಕರು. ಅವರು ನಕ್ಕ ಮೇಲೆ ನನಗೂ ನಗು ಬಂತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಶನಿವಾರ ನಾನು ಕಂಬಳಿ ಹೊದ್ದೇ ಹಾಲಿನ ನಡುವೆ ನಡೆದು ಕೋಣೆಗೆ ಹೋದೆ. ಎಲ್ಲರೂ ತಲೆ ಎತ್ತಿ ನೋಡಿದರು, ನೋಡಲಿ. ಇಂಜಿನಿಯರ್ ಮತ್ತು ಮ್ಯಾನೇಜರ ಮುಂದೆ ಕಂಬಳಿ ಎಳೆದು ಕೀಬೋರ್ಡ್ ಮುಟ್ಟಿದೆ, ಯಂತ್ರ ನಿಂತಿತು. ಮತ್ತೆ ಶುರು ಮಾಡಿ, ಮತ್ತೆ ಕಂಬಳಿ ಎಳೆದು, ನೈಲಾನಿಗೆ ಉಣ್ಣೆ ಉಜ್ಜಿ ಮೈಗೆ ಹತ್ತಿದ ವಿದ್ಯುತ್ತು ನೆಲಕ್ಕಿಳಿಯಲೆಂದು ಈ ಸಲ ಮೊದಲು ಗೋಡೆಯ ಅರ್ಥ್ ಪೈಪು ಮುಟ್ಟಿ ಆಮೇಲೆ ಕೀಬೋರ್ಡ್ ಮುಟ್ಟಿದೆ. ಅದು ನಡೆಯುತ್ತಲೇ ಇತ್ತು. ಐದು ಸಲ ಮಾಡಿ ತೋರಿಸಿದೆ. ಇಂಜಿನಿಯರ್ ತಮ್ಮ ಪುಸ್ತಕ ತೆಗೆದು ಬರೆದುಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು, ಇಷ್ಟು ಚಳಿಯಾದರೆ ಏಸಿಯ ಗುಂಡಿ ತಿರುಗಿಸಬಹುದಿತ್ತಲ್ಲ ಎಂದು. ಆ ಗುಂಡಿಯನ್ನು ತಿರುಗಿಸಬಹುದೆಂದು ಎರಡು ತಿಂಗಳಲ್ಲಿ ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮ್ಯಾನೇಜರು ಬೀಗದ ಕೈ ವಾಪಸು ಕೇಳಲಿಲ್ಲ. ಬದಲಿಗೆ ಇನ್ನಿಬ್ಬರಿಗೆ ಕಲಿಸಲು ಹೇಳಿದರು. ಅರ್ಥ್ ಪೈಪು ಮುಟ್ಟದೆ ಯಂತ್ರ ಮುಟ್ಟಬಾರದೆಂದು ಕೋಣೆಗೆ ನಿಯಮವಾಯಿತು. ಎಲ್ಲರೂ ಹೋಗಿ ಬಂದು ಮುಟ್ಟುವುದನ್ನು ಕಂಡ ರೈತರೊಬ್ಬರು, ಅಲ್ಲಿ ಯಾವ ದೇವರಿದೆ ಎಂದು ಕೇಳಿದ್ದೂ ಉಂಟು. ಕಲಿಯಲು ಬಂದವರಿಗೆಲ್ಲ ನಾನು ನನ್ನ ಮೇಷ್ಟ್ರ ಮಾತನ್ನೇ ಹೇಳಿದೆ, ನನ್ನದೊಂದನ್ನು ಸೇರಿಸಿ: ಯಾವುದನ್ನು ಬರೆಯಲು ನಾಚಿಕೆಯಾಗುತ್ತದೋ ಅದನ್ನು ಮೊದಲು ಬರೆಯಿರಿ.

ಬೀರಣ್ಣ ಈಗ ಇಲ್ಲ. ಕಂಬಳಿ ಇದೆ, ಅಂಚು ಸ್ವಲ್ಪ ಸವೆದಿದೆ ಅಷ್ಟೆ. ಪ್ರತಿ ಜನವರಿಯಲ್ಲೂ ಅದನ್ನು ಹೊದ್ದು ಜಗಲಿಯಲ್ಲಿ ಕೂರುತ್ತೇನೆ. ಯಾರು ಬಂದರೂ ತೆಗೆಯುವುದಿಲ್ಲ.