ಎರಡು ಅಳತೆ ದೊಡ್ಡ ಬೂಟು

ಬೆಳಗಿನ ಐದು ಗಂಟೆ. ಲಂಡನ್ನಿನ ಸ್ಟೆಪ್ನಿಯಲ್ಲಿ, ಹುಡುಗರ ಆಶ್ರಮವೊಂದರ ನೆಲಮಾಳಿಗೆಯಲ್ಲಿ ಡೋರ್ಕಸ್ ಪೆಗ್ಲರ್ ಮಂಡಿಯೂರಿ ಕೂತು, ಹಳೆಯ ಪತ್ರಿಕೆ ಹರಿದು ಬೂಟುಗಳ ಮೂತಿಗೆ ತುರುಕುತ್ತಿದ್ದಾರೆ. ಸುತ್ತ ಅರವತ್ತು ಮರದ ಪೆಟ್ಟಿಗೆಗಳು. ಗುರುವಾರದ ಹಡಗಿನಲ್ಲಿ ಕೆನಡಾದ ಹೊಲಗಳಿಗೆ, ಸಗಣಿ ಎತ್ತಲು, ಕಲ್ಲು ಹೆಕ್ಕಲು ಹೊರಟ ಅರವತ್ತು ಬೀದಿ ಹುಡುಗರವು. ಇವರನ್ನು ಬೀಳ್ಕೊಡಲು ಹಡಗುಕಟ್ಟೆಯಲ್ಲಿ ನುಡಿಸುವ ಬ್ಯಾಂಡಿನ ಬಗ್ಗೆ ನಾವು ಪತ್ರಿಕೆಯವರು ವರ್ಷವರ್ಷವೂ ಬರೆಯುತ್ತೇವೆ. ಈ ನೆಲಮಾಳಿಗೆಗೆ ನಾನು ಇಳಿದಿರುವುದು ಇದೇ ಮೊದಲು. ನಾಚಿಕೆಯಾಗುತ್ತದೆ.

ಒಂಬತ್ತು ವರ್ಷದ ಜೇಬೆಜ್ ಬೂಟು ತೊಟ್ಟು ನೋಡುತ್ತಾನೆ. "ಅಮ್ಮೋ, ಇದ್ರೊಳಗೆ ನಮ್ಮನೆಯವ್ರೆಲ್ಲ ಮಲಗ್ಬೋದು!"

"ಬಾಯ್ಮುಚ್ಚೋ ತರಲೆ. ಬೆಳೀತೀಯ. ಅಲ್ಲಿ ಇನ್ನೊಂದು ಜೊತೆ ಯಾರು ಕೊಡ್ತಾರೆ?"

ಎಲ್ಲರಿಗೂ ಎರಡು ಅಳತೆ ದೊಡ್ಡದು. ಅದು ಡೋರ್ಕಸ್ ಅವರ ಕ್ರಮ.

ಐದು ವರ್ಷದ ಹಿಂದೆ ಗಂಡ ಸತ್ತಾಗ ಅವರು ಮಗ ಈನಕ್‌ನನ್ನು ಇಲ್ಲೇ ಬಿಟ್ಟಿದ್ದರು. ಅವನಿಗೂ ಆಗ ಒಂಬತ್ತು. "ಚಳಿಗಾಲ ಕಳೀಲಿ ಅಂತ ಬಿಟ್ಟೆ ಸ್ವಾಮಿ. ಕಾಗದಕ್ಕೆ ಗೀಟು ಹಾಕು ಅಂದ್ರು. ಬೂಟು, ಬಟ್ಟೆ ಕೊಡೋಕೇನೋ ಅಂದ್ಕೊಂಡೆ. ಹಾಕ್ದೆ." ವಸಂತದಲ್ಲಿ ಪತ್ರ ಬಂತು. ಈನಕ್ ಇದ್ದ ಹಡಗು ಕೆನಡಾಕ್ಕೆ ಹೊರಟು ನಾಲ್ಕು ದಿನವಾಗಿತ್ತು. ತಾಯಂದಿರು ಕಟ್ಟೆಗೆ ಬಂದು ರಂಪ ಮಾಡಬಾರದೆಂದು ಹಡಗು ಹೊರಟ ಮೇಲೇ ತಿಳಿಸುವುದು ಇಲ್ಲಿನ ಪದ್ಧತಿ. ಯಾವ ಊರು, ಯಾವ ಹೊಲ ಎಂದು ಯಾರೂ ಹೇಳಲಿಲ್ಲ. ಸುದ್ದಿ ಸಿಕ್ಕೀತೆಂದು ಅವರು ಇಲ್ಲೇ ಕೆಲಸಕ್ಕೆ ಸೇರಿದರು.

ಈ ನೆಲಮಾಳಿಗೆಗೆ ಸುದ್ದಿ ಬರುವುದು ಒಂದೇ ದಾರಿಯಲ್ಲಿ. ಅಲ್ಲಿ ಹುಡುಗ ಸತ್ತರೆ ಅವನ ಬಟ್ಟೆ, ಬೂಟಿನ ಪೆಟ್ಟಿಗೆ ವಾಪಸಾಗುತ್ತದೆ. ಗಾಡಿ ಬಂದ ಸದ್ದಾದರೆ ಡೋರ್ಕಸ್ ಓಡಿಹೋಗಿ ಮುಚ್ಚಳದ ಹೆಸರು ನೋಡುತ್ತಾರೆ. ಅವರಿಗೆ ಓದಲು ಬರುವುದು ಒಂದೇ ಹೆಸರು. ಆ ಪತ್ರ ನೋಡಿ ನೋಡಿ ಕಲಿತದ್ದು.

"ಹೋದ ತಿಂಗಳು ಒಂದು ಬಂತು. ಬೂಟಲ್ಲಿ ನಾನು ತುರುಕಿದ ಕಾಗದ ಹಾಗೇ ಇತ್ತು. ಪಾಪದ್ದು, ಕಾಲು ಬೆಳೆದೇ ಇರ್ಲಿಲ್ಲ."

ಆ ಬೂಟು ಏನು ಮಾಡಿದಿರಿ ಎನ್ನುತ್ತೇನೆ.

"ಹಳೇ ಕಾಗದ ತೆಗ್ದು ಹೊಸದು ತುರುಕ್ದೆ. ಈಗ ಜೇಬೆಜ್ ಹಾಕ್ಕೊಂಡಿದ್ನಲ್ಲ, ಅದೇ."

ಅವರು ಇನ್ನೊಂದು ಹಾಳೆ ಹರಿಯುತ್ತಾರೆ. ನಮ್ಮದೇ ಪತ್ರಿಕೆ. ಏನಾದರೂ ಆಸೆ ಇದೆಯೇ ಎಂದು ಕೊನೆಗೆ ಕೇಳುತ್ತೇನೆ.

"ಈನಕ್ ಪೆಟ್ಟಿಗೆ ಇನ್ನೂ ಬಂದಿಲ್ಲ. ಈಗ ಅವನಿಗೆ ಹದಿನಾಲ್ಕು. ಇಲ್ಲಿಂದ ಹಾಕ್ಕೊಂಡು ಹೋದ ಬೂಟು ಚಿಕ್ಕದಾಗಿ ಕಾಲು ಕಚ್ತಿರ್ಬೇಕು, ಅಲ್ವಾ ಸ್ವಾಮಿ? ಕಚ್ತಿದ್ರೆ ಸಾಕು."