ಅಂಬರೀಶನ ಮೊಳೆ

ಅಂಬರೀಶ ಹಡಗಿನಿಂದ ಬಂದ ಮಾರನೇ ದಿನ ನಮ್ಮ ಮನೆಗೆ ಬಂದು, ಕಾಫಿ ಕುಡಿದು, ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದ ದುಪ್ಪಟಿಗಳನ್ನೆಲ್ಲ ಎಳೆದುಕೊಂಡು ಮಡಿಸೋಕೆ ಕೂತ. ನಾನು ಬೇಡ ಕಣಪ್ಪ ಅಂದೆ. ಕೇಳಲಿಲ್ಲ. ಅವನು ಮಡಿಸಿಟ್ಟ ಮೇಲೆ ನಮ್ಮ ತೂತು ದುಪ್ಪಟಿಗಳೂ ಈಗಷ್ಟೇ ಅಂಗಡಿಯಿಂದ ತಂದ ಹಾಗೆ ಕಂಡವು. ಸಾಯಂಕಾಲ ಬಂಗಾರಪೇಟೆ ಗಾರ್ಮೆಂಟ್ಸಿನಿಂದ ಬಂದ ನನ್ನ ಸೊಸೆ ಇಂದ್ರಾಣಿ ನೋಡಿ, "ಯಾರತ್ತೆ ಬಂದಿದ್ದು, ನೆಂಟ್ರಾ?" ಅಂದಳು.

"ಪಕ್ಕದ ಮನೆ ಮಾರಿಯಮ್ಮನ ಮಗ ಕಣೆ. ಅಡಗಲ್ಲಿ ಬಟ್ಟೆ ಒಗೆಯೋನು."

"ಅಂಗಾದ್ರೆ ನಾಳೆ ಪರದೆನೂ ಬಿಚ್ಚಿಕೊಡಿ," ಅಂತ ನಕ್ಕಳು.

ಮಾರಿಕುಪ್ಪಂನ ಗಣಿ ಕೂಲಿಯವರ ಸಾಲು ಮನೆಗಳ ಈ ಲೈನಿನಲ್ಲಿ ನಮಗೂ ಮಾರಿಯಮ್ಮನಿಗೂ ನಡುವೆ ಒಂದೇ ಗೋಡೆ. ಆ ಕಡೆ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಈ ಕಡೆ ನಾನು ಸೀನುತ್ತಿದ್ದೆ. ಸೀನಿದ್ದು ಕೇಳಿ ಅವಳು ಅಲ್ಲಿಂದಲೇ, "ಏನಕ್ಕಾ, ನಮ್ಮನೆ ಸಾರು ಚೆನ್ನಾಗೈತಾ?" ಅಂತ ಕೂಗುತ್ತಿದ್ದಳು. ಅವಳು ಹೋಗಿ ಎರಡು ವರ್ಷ ಆಯಿತು. ಅಂಬರೀಶ ಆಗ ಯಾವುದೋ ಸಮುದ್ರದಲ್ಲಿದ್ದ. ನನ್ನ ಮಗನೇ ಮುಂದೆ ನಿಂತು ಎಲ್ಲ ಮಾಡಿದ. ಅಂಬರೀಶನಿಗೆ ಸುದ್ದಿ ಮುಟ್ಟಿದಾಗ ಇಲ್ಲಿ ಹಾಲು ತುಪ್ಪ ಬಿಟ್ಟು ಆಗಿತ್ತು. ಆಮೇಲೆ ಒಂದು ಸಲ ಬಂದು ಹತ್ತೇ ದಿನಕ್ಕೆ ಹೊರಟುಹೋದ. ಇದು ಎರಡನೇ ಸಲ.

ಈ ಸಲ ಬಂದಾಗಿನಿಂದ ಅವನ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅವನು ತೆಗೆಯುತ್ತಿರಲಿಲ್ಲ. ಮಡಿಸೋ ಬಟ್ಟೆ ಮಡಿಸುತ್ತಲೇ ಇರುತ್ತಿದ್ದ.

"ಯಾರ್ಲಾ ಅದು? ಸಾಲಗಾರ್ರೇನ್ಲಾ?" ಅಂದೆ.

"ಏಜೆಂಟ್ ಕಣ್ ದೊಡ್ಡಮ್ಮ, ಬೊಂಬಾಯೋನು. ತಿರುಗಾ ಅಡಗಿಗೆ ಬತ್ತೀಯಾ ಇಲ್ವಾ ಅಂತಾನೆ. ಈ ತಿಂಗ್ಳು ಮುಗಿಯೋದ್ರೊಳಗೆ ಏಳ್ದಿದ್ರೆ ನನ್ ಜಾಗಕ್ಕೆ ಬೇರೆಯೋನು."

"ಓಗ್ತೀಯಾ?"

"ಗೊತ್ತಿಲ್ಲ."

ಅಷ್ಟೇ ಹೇಳಿದ. ನಾನೂ ಕೆದಕಲಿಲ್ಲ. ಎಂದೋ ತೀರಿಹೋದ ಅವನ ಅಪ್ಪ ಆಂಜಿನಪ್ಪನೂ ಹಾಗೇ ಇದ್ದ. ಕೇಳಿದರೆ ಬಾಯಿ ಮುಚ್ಚಿಕೊಳ್ಳೋನು, ಸುಮ್ಮನೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರೆ ತಾನೇ ಶುರುಮಾಡೋನು. ನಾನು ದಿನಾ ಏನಾದರೊಂದು ಸುಲಿಯುತ್ತಾ ಕೂತೆ.

ಆಂಜಿನಪ್ಪ ನಮ್ಮ ಯಜಮಾನರ ಜೊತೆಯಲ್ಲೇ ಚಿನ್ನದ ಗಣಿಗೆ ಇಳಿಯೋನು. ಗಣಿ ಮುಚ್ಚಿದಾಗ ಅಂಬರೀಶನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ನಮ್ಮೂರ ಎಲ್ಲರ ಹಾಗೆ ಅವನೂ ಬೆಳಗಿನ ರೈಲು ಹತ್ತಿದ. ಬೆಂಗಳೂರಿನ ದೊಡ್ಡ ಹೋಟೆಲಿನಲ್ಲಿ ಬಟ್ಟೆ ಒಗೆಯೋ ಮೆಷಿನ್ನಿನ ಹತ್ತಿರ ನಿಂತ. ವರ್ಷಗಟ್ಟಲೆ ಬಂಗಾರಪೇಟೆಯಲ್ಲಿ ರೈಲು ನಿಂತಾಗ ನಿದ್ದೆ, ವೈಟ್‌ಫೀಲ್ಡಿನಲ್ಲಿ ಎಚ್ಚರ. ಹೆಣ್ಣು ನೋಡಿದರು, ಬೇತಮಂಗಲದ ಕಡೆಯೋಳು, ಒಪ್ಪಿದಳು. ಆಮೇಲೆ ಅವರ ಮನೆಯವರು ಲೈನ್ ಮನೆಗೆ ಕೊಡೋಲ್ಲ ಅಂದರು. ಅವನು ಇನ್ನೊಂದು ನೋಡಲಿಲ್ಲ. ಯಾರೋ ಹೋಟೆಲಿನವರೇ ಹಡಗಿನ ಕೆಲಸ ತೋರಿಸಿದಾಗ, ಹೊರಟ.

ಹಡಗು ಅಂದರೆ ನಾನು ಊರಷ್ಟು ದೊಡ್ಡದು ಅಂದುಕೊಂಡಿದ್ದೆ. ಅಲ್ಲವಂತೆ. ಚಿಕ್ಕ ಹಡಗು, ಭಾರೀ ಶ್ರೀಮಂತರದು. ಪನಾಮ, ಕೋಸ್ಟರಿಕಾ ಅನ್ನೋ ದೇಶಗಳ ದಡದಲ್ಲಿ ಕಾಡು ಸಮುದ್ರಕ್ಕೇ ಇಳಿದಿರುತ್ತಂತೆ. ದೊಡ್ಡ ಹಡಗು ಅಲ್ಲಿಗೆ ಹೋಗೋಕಾಗಲ್ಲ, ಇದು ಹೋಗುತ್ತೆ. ಸರ್ಕಾರ ಕಾಪಾಡಿಟ್ಟಿರೋ ಕಾಡು ಅದು. ಬೆಳಿಗ್ಗೆ ರಬ್ಬರು ದೋಣಿಗಳಲ್ಲಿ ಕೂರಿಸಿಕೊಂಡು ಹೋಗಿ, ಕೋತಿ, ಗಿಣಿ, ಮೊಸಳೆ ಎಲ್ಲ ತೋರಿಸಿ, ಮಧ್ಯಾಹ್ನಕ್ಕೆ ಕರಕೊಂಡು ಬಂದು ಮೀನೂಟ ಹಾಕೋದು. ಇದಕ್ಕೇ ಜನ ದೇಶ ದೇಶದಿಂದ ಬರುತ್ತಾರೆ.

"ನೀನೂ ನೋಡ್ದೇನ್ಲಾ ಗಿಣಿನಾ?"

"ಎಲ್ ದೊಡ್ಡಮ್ಮ! ನಾನಿರೋದು ತಳದಾಗೆ. ನೀರಿಗಿಂತ ಕೆಳಗೆ. ಕಿಟಕಿ ಇಲ್ಲ. ಅಪ್ಪ ಇಳೀತಿದ್ದಂಗೆ ನಾನೂ ಇಳಿಯೋದು, ಅತ್ತೋದು."

ಕಾಡು ಅವನ ಹತ್ತಿರಕ್ಕೆ ಕೊಳೆಯಾಗಿ ಬರುತ್ತಿತ್ತಂತೆ. ಅವರ ಪ್ಯಾಂಟಿನ ಮಡಿಕೆಯಲ್ಲಿ ಕೆಂಪು ಮಣ್ಣು, ಕಾಲುಚೀಲಕ್ಕೆ ಅಂಟಿದ ಬೀಜ, ಜೇಬಿನಲ್ಲಿ ಒದ್ದೆ ಎಲೆ. ಒಂದು ಸಲ ಅಂಗಿಯ ಕಾಲರಿನಲ್ಲಿ ಜೀವ ಇರೋ ಇರುವೆ, ಹೆಗಲ ಮೇಲೆ ಎಲೆ ಚೂರು ಹೊತ್ತುಕೊಂಡಿತ್ತಂತೆ. ಅದನ್ನ ಒಗೆಯೋಕೆ ಮನಸ್ಸು ಬರದೆ ಒಂದು ಲೋಟದಲ್ಲಿಟ್ಟು ಸಾಯೋವರೆಗೂ ನೋಡಿದನಂತೆ. ಮಾತಾಡೋಕೆ ಅಲ್ಲಿ ಇನ್ನೊಬ್ಬನಿದ್ದ, ಫಿಲಿಪೈನ್ಸಿನವನು. ಅವನ ಪಾಳಿ ಮುಗಿದಾಗ ಇವನ ಪಾಳಿ ಶುರು. ಇಬ್ಬರೂ ಬಾಗಿಲಲ್ಲಿ ಒಬ್ಬರಿಗೊಬ್ಬರು ತಲೆಯಾಡಿಸಿ ಸರಿಯಬೇಕು, ಅಷ್ಟೇ ಸ್ನೇಹ.

ಇಲ್ಲೂ ಅವನಿಗೆ ಅಷ್ಟೇ. ಸ್ಟೇಷನ್ ಹತ್ತಿರದ ಟೀ ಅಂಗಡಿ ವೆಂಕಿ ಇವನನ್ನ ಕಂಡರೆ ಸಾಕು, "ಏನ್ಲಾ ಕ್ಯಾಪ್ಟನ್ನೂ, ಅಡಗು ಎಲ್ ನಿಲ್ಸಿದೀಯ, ಬೇತಮಂಗಲದ ಕೆರೇಲಾ?" ಅನ್ನುತ್ತಾನೆ. ಎಲ್ಲರೂ ನಗುತ್ತಾರೆ. ಅಂಬರೀಶನೂ ನಗುತ್ತಾನೆ. ನಕ್ಕ ಮೇಲೆ ಅವರವರ ಮಾತು ಅವರವರು ಶುರುಮಾಡುತ್ತಾರೆ. ಇವನು ಲೋಟ ಇಟ್ಟು ಎದ್ದು ಬರುತ್ತಾನೆ. ಒಂದು ದಿನ ಬಂಗಾರಪೇಟೆಯಲ್ಲಿ ಇಸ್ತ್ರಿ ಅಂಗಡಿ ಬಾಡಿಗೆಗೆ ಇದೆಯಂತೆ, ಕೇಳಿ ಬತ್ತೀನಿ ಅಂತ ಹೋದ. ಸಾಯಂಕಾಲ ಬಂದ.

"ಕೇಳಿದೇನ್ಲಾ?"

"ಇಲ್ಲ. ಪ್ಲಾಟ್‌ಫಾರ್ಮಲ್ಲೇ ಕೂತಿದ್ದೆ. ಜನ ನೋಡ್ತಾ."

ಆವತ್ತೇ ಅವನು ಬಾಯಿಬಿಟ್ಟಿದ್ದು. ನಾನು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ.

ಹಡಗಿನವರು ಯಾವಾಗಲಾದರೂ ಒಮ್ಮೆ, ಜಾಗ ಉಳಿದರೆ, ಕೆಲಸದವರನ್ನೂ ದಡಕ್ಕೆ ಬಿಡುತ್ತಾರಂತೆ. ಇವನ ಸರದಿ ಬಂತು. ಅಷ್ಟು ವರ್ಷಕ್ಕೆ ಮೊದಲನೇ ಸಲ. ಹಡಗಿನಿಂದ ದೋಣಿಗೆ ಇಳಿಯೋ ಬಾಗಿಲ ಹತ್ತಿರ ಒಂದು ಹಲಗೆ ಇದೆ. ಹಡಗಿನಲ್ಲಿ ಕೆಲಸ ಮಾಡೋ ಪ್ರತಿಯೊಬ್ಬರಿಗೂ ಅದರಲ್ಲೊಂದು ಮೊಳೆ, ಮೊಳೆಗೊಂದು ಬಿಲ್ಲೆ. ಬಿಲ್ಲೆಯ ಒಂದು ಕಡೆ ಬಿಳಿ, ಒಂದು ಕಡೆ ಕೆಂಪು. ಇಳಿಯುವಾಗ ಬಿಲ್ಲೆಯನ್ನ ಕೆಂಪಿಗೆ ತಿರುಗಿಸಿ ಅಲ್ಲೇ ಬಿಡಬೇಕು, ವಾಪಸ್ ಬಂದಾಗ ಬಿಳಿಗೆ. ಕೆಂಪು ಒಂದೂ ಇಲ್ಲ ಅಂದರೆ ಎಲ್ಲರೂ ಬಂದರು ಅಂತ ಅರ್ಥ, ಹಡಗು ಹೊರಡುತ್ತೆ.

ನಮ್ಮ ಗಣಿಯಲ್ಲೂ ಹಲಗೆ ಇತ್ತು, ಮೊಳೆ ಇತ್ತು, ಹಿತ್ತಾಳೆ ಬಿಲ್ಲೆ ಇತ್ತು. ಆದರೆ ನಮ್ಮ ಲೆಕ್ಕ ಬೇರೆ. ಇಳಿಯೋನು ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಂಡು ಇಳಿಯಬೇಕು. ಹತ್ತಿ ಬಂದು ನೇತುಹಾಕಬೇಕು. ಮೊಳೆ ಖಾಲಿ ಇದ್ದರೆ ಆಳು ಒಳಗಿದ್ದಾನೆ. ಒಂದು ಸಲ ಒಳಗೆ ಬಂಡೆ ಸಿಡಿದಾಗ, ಪಾಳಿಯವರೆಲ್ಲ ಹತ್ತಿಬಂದರೂ ಆಂಜಿನಪ್ಪನ ಮೊಳೆ ಖಾಲಿಯೇ ಇತ್ತು. ಮಾರಿಯಮ್ಮ ಗೇಟಿನ ಕಂಬಿ ಹಿಡಿದು ನಿಂತಿದ್ದಳು. ನಾನು ಅಂಬರೀಶನನ್ನ ಸೊಂಟದ ಮೇಲೆ ಕೂರಿಸಿಕೊಂಡು ಪಕ್ಕದಲ್ಲಿದ್ದೆ. ಲೈನಿಗೆ ಲೈನೇ ಬಂದು ನಿಂತಿತ್ತು. ಆ ಒಂದು ಮೊಳೆಗೋಸ್ಕರ ಒಬ್ಬರೂ ಮನೆಗೆ ಹೋಗಿ ಒಲೆ ಹಚ್ಚಲಿಲ್ಲ. ಅಗೆದು ತೆಗೆದರು ಅವನನ್ನ, ಕಾಲು ಜಜ್ಜಿತ್ತು, ಜೀವ ಇತ್ತು. ಸ್ಟ್ರೆಚರಿನಲ್ಲಿ ಮಲಗಿಕೊಂಡೇ ಜೇಬಿನಿಂದ ಬಿಲ್ಲೆ ತೆಗೆದು, "ಇದನ್ನ ತಗಲಾಕ್ರಪ್ಪ" ಅಂದ.

ಇವನು ಅಂಥವನ ಮಗ. ಹಡಗಿನಿಂದ ಇಳಿಯುವಾಗ ಕೈ ತಾನಾಗಿ ಹೋಗಿ, ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊಂಡುಬಿಟ್ಟಿದೆ.

"ನಾ ಯೋಚ್ನೇನೇ ಮಾಡ್ಲಿಲ್ಲ ದೊಡ್ಡಮ್ಮ. ಜೇಬು ತಟ್ಕೊಂಡೆ, ದೋಣಿ ಅತ್ತಿದೆ."

ಕಾಡು ಹೇಗಿತ್ತು ಅಂತ ಕೇಳಿದೆ. ಚಿನ್ನ ತೆಗೆದು ಉಳಿದ ಮಣ್ಣು ಸುರಿದ ನಮ್ಮ ಸೈನೈಡ್ ಗುಡ್ಡಗಳ ಮೇಲೆ ಒಂದು ಗರಿಕೆ ಹುಟ್ಟೋಲ್ಲ, ಅಲ್ಲಿ ಗರಿಕೆ ಹುಟ್ಟೋಕೆ ಜಾಗ ಇಲ್ಲ, ಮರದ ಮೇಲೆ ಮರ ಹುಟ್ಟಿದೆ ಅಂದ. ಎಲ್ಲರೂ ಮುಂದೆ ಹೋಗುತ್ತಿದ್ದಾಗ ಇವನ ಕಣ್ಣಿಗೆ ಒಂದು ಪ್ರಾಣಿ ಬಿತ್ತಂತೆ. ಕೊಂಬೆಗೆ ತಲೆಕೆಳಗಾಗಿ ಜೋತುಬಿದ್ದಿತ್ತು. ಹಳೇ ಗೋಣಿಚೀಲದ ಬಣ್ಣ, ಮೈಮೇಲೆ ಪಾಚಿ, ಮುಖದಲ್ಲಿ ನಗು ಇದ್ದ ಹಾಗೆ. ಒಂದು ಕೈ ಎತ್ತಿ ಇನ್ನೊಂದು ಕಡೆ ಇಡೋಕೆ ಅದಕ್ಕೆ ನಾನು ಒಂದು ಸೇರು ರಾಗಿ ಹಸನು ಮಾಡುವಷ್ಟು ಹೊತ್ತು ಬೇಕು. ಅದು ಕೆಳಗಿಳಿಯುತ್ತಿತ್ತು. ಇಳಿಯೋದನ್ನ ನೋಡೋಣ ಅಂತ ಇವನು ನಿಂತ.

ನಿಂತೇ ನಿಂತ. ದಡಕ್ಕೆ ಬಂದರೆ ದೋಣಿ ಒಂದೂ ಇಲ್ಲ.

ನೋಡೋಕೆ ಬಂದ ದೊಡ್ಡವರನ್ನ ದೋಣಿಯವರು ತಲೆ ಎಣಿಸಿ ಹತ್ತಿಸಿಕೊಳ್ಳುತ್ತಾರೆ. ಕೆಲಸದವರಿಗೆ ಹಲಗೆಯೇ ಲೆಕ್ಕ. ಹಲಗೆಯಲ್ಲಿ ಕೆಂಪು ಒಂದೂ ಇಲ್ಲ. ಒಂದು ಮೊಳೆ ಖಾಲಿ ಇದ್ದದ್ದನ್ನ ಕಂಡವನು, ಬಿಲ್ಲೆ ಎಲ್ಲೋ ಬಿದ್ದುಹೋಗಿರಬೇಕು ಅಂದುಕೊಂಡ. ಹಡಗು ಗುಡ್ಡದ ಮೂಲೆ ತಿರುಗಿ ಮರೆಯಾಯಿತು.

"ಎದ್ರಿಕೊಂಡ್ಯೇನೋ ನನ್ನಪ್ಪಾ," ಅಂದೆ. ನನ್ನ ಕೈ ಹುಣಸೆಹಣ್ಣಿನಲ್ಲೇ ನಿಂತುಹೋಗಿತ್ತು.

"ಇಲ್ಲ ದೊಡ್ಡಮ್ಮ. ಅದೇ ಏಳ್ತಿರೋದು. ಒಂಚೂರೂ ಎದ್ರಿಲ್ಲ. ನನ್ ಮೊಳೆ ಖಾಲಿ ಐತೆ, ಬಂದೇ ಬತ್ತಾರೆ ಅಂತ ಕೂತಿದ್ದೆ. ಜೇಬಲ್ಲಿ ಬಿಲ್ಲೆ ಇತ್ತಲ್ಲ. ತಿರುಗಾ ಆ ಮರದಡೀಗೆ ಓದೆ. ಮಳೆ ಬಂತು, ನಿಂತೋಯ್ತು, ಇನ್ನೊಂದ್ಸಲ ಬಂತು. ಅದು ಅಂಗೇ ಇತ್ತು. ನಾನಿದ್ದಷ್ಟು ಒತ್ತೂ ಇತ್ತು. ಒಂದ್ಸಲ ನನ್ ಕಡೆ ಕತ್ತು ತಿರುಗ್ಸಿ ನೋಡ್ತು."

ಹೊತ್ತು ಇಳಿಯೋ ಹೊತ್ತಿಗೆ ದೋಣಿ ಬಂತು. ಇಬ್ಬರು ಬಂದಿದ್ದರು. ಒಬ್ಬ ಬೈದ. ಒಬ್ಬ ನಕ್ಕು, ಹೇಗೆ ಗೊತ್ತಾಯಿತು ಅಂತ ಹೇಳಿದ. ಆವತ್ತು ಹಡಗಿನಲ್ಲಿ ವಿಶೇಷ ಊಟ. ಮೇಜಿನ ಮೇಲೆ ಇಡೋ ಕೈವಸ್ತ್ರಗಳನ್ನ ಹಂಸದ ಹಾಗೆ ಮಡಿಸಿ ಕಳಿಸೋದು ಇವನ ಕೆಲಸ. ಆವತ್ತು ಅವು ಬರಲಿಲ್ಲ. ಊಟದ ಮನೆಯವರು ಕೆಳಗೆ ಹುಡುಕಿಸಿದರು. ಮೆಷಿನ್ ನಿಂತಿತ್ತು, ಬಟ್ಟೆ ಒದ್ದೆಯಾಗೇ ಇತ್ತು.

ಅಂಬರೀಶ ನಗುತ್ತಲೇ ಹೇಳಿದ. "ಅವ್ರು ನನ್ನ ಉಡುಕ್ಲಿಲ್ಲ ದೊಡ್ಡಮ್ಮ. ನ್ಯಾಪ್ಕಿನ್ ಉಡುಕಿದ್ರು. ನ್ಯಾಪ್ಕಿನ್ ಬೇಡ್ದಿದ್ರೆ ನಾಳೆನೋ ನಾಡಿದ್ದೋ..."

ಆಮೇಲೆ ನಗಲಿಲ್ಲ. ಕೂತ ಕಡೆಯಿಂದಲೇ ಗೋಡೆ ನೋಡಿದ, ಅವರ ಮನೆ ಕಡೆಯ ಗೋಡೆ. "ಅಲ್ಲಿ ಓದ್ರೂ ಅಂಗೆ. ಇಲ್ಲಿದ್ರೂ, ನಾ ಬಾಗ್ಲಾಕ್ಕೊಂಡು ಮಲಗಿದ್ರೆ ಯಾರು ಬಡೀತಾರೆ?"

ನಾನು ಬಡಿಯುತ್ತೀನಿ ಅನ್ನಬೇಕು ಅನ್ನಿಸಿತು. ನನಗೆ ಈಗ ಹೊಸ್ತಿಲು ದಾಟೋಕೂ ಗೋಡೆ ಹಿಡಿಯಬೇಕು. ಅಂದದ್ದು ಇಷ್ಟೇ: "ನಿಮ್ಮಮ್ಮ ಇದ್ದಾಗ ನಾ ಸೀನಿದ್ರೆ ಸಾಕು, ಅವಳಿಗೆ ನಾ ಬದುಕಿದೀನಿ ಅಂತ ಗೊತ್ತಾಗ್ತಿತ್ತು."

ಅವನು ಹುಣಸೆ ಬೀಜಗಳನ್ನ ಒಂದು ಕಡೆ ಗುಡ್ಡೆ ಮಾಡಿಟ್ಟು ಹೋದ.

ಎರಡು ದಿನ ಬರಲಿಲ್ಲ. ಮೂರನೇ ದಿನ ಸುತ್ತಿಗೆ ಹಿಡಿದುಕೊಂಡು ಬಂದ. ನಮ್ಮಿಬ್ಬರ ಮನೆಗೂ ಒಂದೇ ಆದ ಆ ಗೋಡೆಗೆ, ನಾನು ಮಲಗಿದರೆ ಕಣ್ಣಿಗೆ ಬೀಳೋ ಎತ್ತರಕ್ಕೆ, ಒಂದು ಮೊಳೆ ಹೊಡೆದ. ಗಾರೆ ಉದುರಿತು. "ಇಂದ್ರಾಣಿ ಬೈತಾಳೆ ಕಣ್ಲಾ," ಅಂದೆ. ಅವನು ಜೇಬಿನಿಂದ ಏನೋ ತೆಗೆದು ಮೊಳೆಗೆ ತಗಲಾಕಿದ. ನೋಡಿದರೆ ಆಂಜಿನಪ್ಪನ ಹಿತ್ತಾಳೆ ಬಿಲ್ಲೆ. ಗಣಿ ಮುಚ್ಚಿದ ದಿನ ಎಲ್ಲರೂ ಒಪ್ಪಿಸಿ ಬಂದಿದ್ದರು, ಆಂಜಿನಪ್ಪ ಮಾತ್ರ ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದ. ಮಾರಿಯಮ್ಮ ಅದನ್ನ ದೇವರ ಪಟದ ಹಿಂದೆ ಇಟ್ಟಿದ್ದಳು. ಹುಣಸೆಹಣ್ಣು ಹಾಕಿ ತಿಕ್ಕಿದ್ದ ಅಂತ ಕಾಣುತ್ತೆ, ಹೊಳೆಯುತ್ತಿತ್ತು.

"ಏಜೆಂಟ್‌ಗೆ ಫೋನ್ ಮಾಡ್ದೆ ದೊಡ್ಡಮ್ಮ. ಬತ್ತೀನಿ ಅಂದೆ."

"ಯಾಕ್ಲಾ? ಓಗಲೇಬೇಕಾ?"

"ಕೆಲ್ಸ ಅದೊಂದೇ ಬರೋದು. ಮತ್ತೆ..." ತಲೆ ಕೆರೆದುಕೊಂಡ, ಚಿಕ್ಕವನಿದ್ದಾಗ ಮಾಡುತ್ತಿದ್ದ ಹಾಗೆ. "ಆ ಪ್ರಾಣಿ ನೆಲಕ್ಕೆ ಇಳಿದಿದ್ನ ನಾ ನೋಡ್ಲೇ ಇಲ್ಲ. ಅಷ್ಟರಾಗೆ ದೋಣಿ ಬಂದ್ಬಿಡ್ತು."

ಹೊರಡೋ ದಿನ ಬೆಳಗಿನ ರೈಲಿಗೆ ಮುಂಚೆ ಬಂದ. ಪೆಟ್ಟಿಗೆ ಬಾಗಿಲಲ್ಲಿಟ್ಟ. ಒಳಗೆ ಬಂದು ಮೊಳೆಯಿಂದ ಬಿಲ್ಲೆ ತೆಗೆದು ಅಂಗಿ ಜೇಬಿಗೆ ಹಾಕಿಕೊಂಡು, ಜೇಬು ತಟ್ಟಿದ.

"ಇಳೀತೀನಿ ದೊಡ್ಡಮ್ಮ."

ನಮ್ಮ ಲೈನಿನಲ್ಲಿ ಗಣಿಗೆ ಇಳಿಯೋ ಗಂಡಸರಿಗೆ ಹೋಗಿ ಬಾ ಅಂತ ಯಾರೂ ಅನ್ನುತ್ತಿರಲಿಲ್ಲ. ಎಷ್ಟೋ ವರ್ಷದಿಂದ ಬಾಯಿಗೆ ಬರದಿದ್ದ ಮಾತು ಬಂತು. "ಅತ್ತಿ ಬಾರಪ್ಪ," ಅಂದೆ. "ನಾನಿರೋದ್ರೊಳಗೆ ಅತ್ತಿ ಬಾ."

ಅವನು ಹೋದ ಮೇಲೆ ರೈಲು ಕೂಗಿದ್ದು ಕೇಳಿಸಿತು.

ನಾಲ್ಕು ತಿಂಗಳಾಯಿತು. ಎದ್ದ ತಕ್ಷಣ ಕಣ್ಣು ಅಲ್ಲಿಗೇ ಹೋಗುತ್ತೆ. ಮೊನ್ನೆ ಇಂದ್ರಾಣಿ ಕೆಲಸಕ್ಕೆ ಹೊರಡೋ ಗಡಿಬಿಡಿಯಲ್ಲಿ ಊಟದ ಬ್ಯಾಗನ್ನ ಆ ಮೊಳೆಗೆ ಹಾಕೋಕೆ ಹೋದಳು.

"ಅಲ್ಲಿ ಬೇಡ ಕಣೆ."

"ಖಾಲಿ ಐತಲ್ಲತ್ತೆ?"

"ಖಾಲಿ ಐತೆ ಅಂತಲೇ ಬೇಡ ಅಂದಿದ್ದು."

ನನ್ನ ಮುಖ ನೋಡಿದಳು, ಗೋಡೆ ನೋಡಿದಳು. ಬ್ಯಾಗನ್ನ ಬಾಗಿಲ ಚಿಲಕಕ್ಕೆ ಸಿಕ್ಕಿಸಿ, ತಲೆ ಬಾಚಿಕೊಳ್ಳೋಕೆ ಹೋದಳು.